ಪಿನ್ ಕೇಳುವ ಊರು

ಕಂಟೋನ್ಮೆಂಟ್ ಸ್ಟೇಷನ್ನಿನ ಹೊರಗೆ ಆಟೊ ಹತ್ತಿ ಗಂಟುಮೂಟೆ ಸರಿಮಾಡಿಕೊಳ್ಳುವಷ್ಟರಲ್ಲಿ ಚಾಲಕ ಹಿಂದಕ್ಕೆ ತಿರುಗಿ, "ಪಿನ್ ಹೇಳಿ ಮೇಡಂ" ಎಂದ. ನಾನು ಮಗಳ ರಟ್ಟೆ ಹಿಡಿದು ಆಟೊದಿಂದ ಇಳಿದುಬಿಟ್ಟೆ. ಗಂಟು ಒಳಗೇ ಉಳಿಯಿತು. ಅದರ ತುದಿ ಹಿಡಿದು ಎಳೆಯತೊಡಗಿದೆ.

"ಯಾಕ್ ಮೇಡಂ, ಏನಾಯ್ತು?"

"ಪಿನ್ ಯಾಕ ಬೇಕು ನಿಂಗ?"

"ಪಿನ್ ಇಲ್ದೆ ಗಾಡಿ ಹೊರಡಲ್ಲ."

ಪೆಟ್ರೋಲ್ ಇಲ್ಲದೆ ಹೊರಡದಿರುವ ಗಾಡಿ ನೋಡಿದ್ದೆ, ಪಿನ್ ಇಲ್ಲದೆ ಹೊರಡದಿರುವುದನ್ನು ನೋಡಿರಲಿಲ್ಲ. ಆಟೊ ಗೊತ್ತುಮಾಡಿದ್ದು ನನ್ನ ಗಂಡ ಮಲ್ಲಪ್ಪ, ಇಂದಿರಾನಗರದಲ್ಲಿ ಕೆಲಸದ ಮೇಲಿದ್ದುಕೊಂಡೇ ತಮ್ಮ ಫೋನಿನಿಂದ. ಅವರಿಗೆ ಫೋನ್ ಮಾಡಿದೆ. "ಅದು ಬ್ಯಾಂಕಿನ ಪಿನ್ ಅಲ್ಲ ಶರಣಿ, ಗಾಡೀದು. ಅಂವಗ ಫೋನ್ ಕೊಡು" ಎಂದರು. ಫೋನ್ ಕೊಡಲೂ ಮನಸ್ಸಾಗದೆ, ದೊಡ್ಡ ಧ್ವನಿ ಬರುವಂತೆ ಮಾಡಿ ದೂರದಿಂದ ಹಿಡಿದೆ. ನಾಲ್ಕು ಅಂಕಿ ಹೇಳಿದರು, ಆಟೊ ಹೊರಟಿತು. ಲಿಂಗರಾಜಪುರ ಮುಟ್ಟುವವರೆಗೂ ಚಾಲಕ ಕನ್ನಡಿಯಲ್ಲಿ ನನ್ನನ್ನು ನೋಡುತ್ತಿದ್ದ, ನಾನು ಅವನನ್ನು ನೋಡುತ್ತಿದ್ದೆ.

ಶಹಾಪುರದ ಕಡೆಯ ನಿಮಗೆ ನನ್ನ ಈ ಹೆದರಿಕೆ ಅರ್ಥವಾದೀತು. ನಮ್ಮಲ್ಲಿ ಪಿನ್ನು ಎಂದರೆ ಸೆರಗಿಗೆ ಚುಚ್ಚುವುದು, ಹೆಚ್ಚೆಂದರೆ ಲಂಗದ ಲಾಡಿ ಪೋಣಿಸುವುದು. ಎರಡನೆಯ ಅರ್ಥವನ್ನು ನನಗೆ ಕಲಿಸಿದವನು ಫೋನಿನಲ್ಲಿ ಬ್ಯಾಂಕಿನವನಂತೆ ಮಾತಾಡಿದ ಒಬ್ಬ. ಬಲು ಮರ್ಯಾದೆಯಿಂದ "ಅಮ್ಮಾವರೆ" ಎನ್ನುತ್ತಾ ಕಾರ್ಡಿನ ನಂಬರು, ಪಿನ್ನು, ಕೊನೆಗೆ ಫೋನಿಗೆ ಬಂದ ಅಂಕಿ, ಎಲ್ಲವನ್ನೂ ಕೇಳಿಕೊಂಡ. ಬಸ್‌ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ಹಾಕಲು ಕೂಡಿಟ್ಟಿದ್ದೆಲ್ಲ ನಾನು ಅಕ್ಕಿ ಆರಿಸಿ ಮುಗಿಸುವುದರೊಳಗೆ ಹೋಯಿತು. ಮಲ್ಲಪ್ಪ ಒಂದು ಮಾತೂ ಬೈಯಲಿಲ್ಲ. ಮುಂದಿನ ತಿಂಗಳು ಬೆಂಗಳೂರಿಗೆ ಹೋಗಿ ಒಂದು ಅಪಾರ್ಟ್‌ಮೆಂಟಿನಲ್ಲಿ ಎಲೆಕ್ಟ್ರಿಷಿಯನ್ ಆಗಿ ಸೇರಿದರು. ವರ್ಷದ ಮೇಲೆ ನಾನೂ ಎಂಟು ವರ್ಷದ ಭಾಗ್ಯಳೂ ಹಿಂದೆ ಬಂದೆವು. ಅವರು ಬೈಯದಿದ್ದುದರಿಂದಲೇ ಇರಬೇಕು, ನನ್ನನ್ನು ನಾನೇ ಕಾಯತೊಡಗಿದ್ದು. ಇನ್ನು ಯಾರಿಗೂ, ದೇವರೇ ಬಂದು ಕೇಳಿದರೂ, ಪಿನ್ ಹೇಳುವುದಿಲ್ಲ ಎಂದುಕೊಂಡು ರೈಲು ಹತ್ತಿದ್ದೆ. ಇಳಿದ ಊರಿನಲ್ಲಿ ಎಲ್ಲರೂ ಅದನ್ನೇ ಕೇಳುತ್ತಿದ್ದರು.

ನಮ್ಮದು ಮಹಡಿಯ ಮೇಲೆ ಒಂದೇ ಕೋಣೆ, ಮುಂದೆ ನೀರಿನ ಟ್ಯಾಂಕು, ಬಟ್ಟೆ ಒಣಗಿಸಲು ಒಂದಿಷ್ಟು ಜಾಗ. ಕೆಳಗೆ ಮನೆಯ ಒಡತಿ ಸ್ಟೆಲ್ಲಾ ಆಂಟಿ, ತಮಿಳು ಮಾತಾಡುವ ಕ್ರೈಸ್ತರು, ಒಬ್ಬರೇ ಇರುತ್ತಾರೆ. ಎರಡನೆಯ ದಿನವೇ ಮೆಟ್ಟಿಲೇರಿ ಬಂದು ಬಾಗಿಲಲ್ಲಿ ನಿಂತರು.

"ಏನಮ್ಮಾ, ಮೇಲೆ ಏನೋ ಬಡೀತಿದೀರಾ? ಮೆಷಿನ್ ಏನಾದ್ರೂ ಇಟ್ಟಿದೀರಾ? ಮನೆ ವಾಸಕ್ಕೆ ಮಾತ್ರ ಕೊಟ್ಟಿರೋದು."

ನಾನು ಕೈಯಲ್ಲಿದ್ದ ಹಿಟ್ಟು ತೋರಿಸಿದೆ. ಜೋಳದ ರೊಟ್ಟಿ ಬಡಿಯುತ್ತಿದ್ದೆ. ಅವರು ನಂಬದೆ ಒಳಗೆ ಬಂದು, ಮಂಚದ ಕೆಳಗೂ ಬಗ್ಗಿ ನೋಡಿ, ಒಂದು ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ಇಳಿದುಹೋದರು. ಊರಿನಲ್ಲಿ ಬೆಳಗಾಗುವುದೇ ಆ ಸದ್ದಿನಿಂದ. ಓಣಿಯಲ್ಲಿ ಯಾರ ಮನೆಯಲ್ಲಿ ರೊಟ್ಟಿಯ ಸದ್ದು ಕೇಳುವುದಿಲ್ಲವೋ ಆ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಎಂದು ಹೋಗಿ ವಿಚಾರಿಸುತ್ತೇವೆ. ಇಲ್ಲಿ ಸದ್ದು ಬಂದರೆ ವಿಚಾರಿಸುತ್ತಾರೆ. ಅಂದಿನಿಂದ ಹಲಗೆಯ ಕೆಳಗೆ ಹಳೆಯ ಕೌದಿ ಮಡಿಸಿ ಹಾಸಿಕೊಂಡು ರೊಟ್ಟಿ ಬಡಿಯತೊಡಗಿದೆ. ರೊಟ್ಟಿಯೇನೋ ಆಗುತ್ತದೆ, ಆದರೆ ಕದ್ದು ಮಾಡಿದಂತಿರುತ್ತದೆ.

ಸಂಜೆ ಅದೇ ಆಂಟಿ ಕೆಳಗಿನಿಂದ ಕೂಗಿದರು: "ಏನಮ್ಮಾ, ನಿಮ್ ಹತ್ರ ಪಿನ್ ಯಾವ್ದು? ದಪ್ಪದಾ, ಸಣ್ಣದಾ?" ನಾನು ಬಾಗಿಲು ಹಾಕಿಕೊಂಡೆ. ಅವರು ಕೇಳಿದ್ದು ಫೋನಿನ ಚಾರ್ಜರ್ ತುದಿಯನ್ನು. ಇದು ತಿಳಿದದ್ದು ಮಲ್ಲಪ್ಪ ಬಂದು ಕೆಳಗೆ ಹೋಗಿ ವಿಚಾರಿಸಿದ ಮೇಲೆ. ಮಲ್ಲಪ್ಪ ನಕ್ಕರು. ನನಗೆ ನಗು ಬರಲಿಲ್ಲ.

ನನ್ನ ಕನ್ನಡವೂ ಇಲ್ಲಿ ಅನುಮಾನಕ್ಕೆ ಗುರಿಯಾಗುತ್ತಿತ್ತು. ಅಂಗಡಿಯಲ್ಲಿ "ಉಳ್ಳಾಗಡ್ಡಿ ಕೊಡ್ರಿ" ಎಂದರೆ, "ನೀವು ಹೈದರಾಬಾದಾ?" ಎನ್ನುತ್ತಿದ್ದರು. ಕನ್ನಡ ಬಿಟ್ಟು ಬೇರೇನೂ ಆಡದ ಮನೆಯಲ್ಲಿ ಹುಟ್ಟಿದವಳು ನಾನು. ಆದರೆ ಈ ಕಡೆಯವರ "ಮಾಡ್ತೀನಿ ಬಿಡಿ", "ಹೋಗ್ಬಿಟ್ಟು ಬಂದೆ" ಕೇಳಿದಾಗ ಯಾರದೋ ಮನೆಯ ಮಾತಿಗೆ ಕಿವಿಗೊಟ್ಟಂತಾಗುತ್ತಿತ್ತು. ಒಂದು ವಿಚಿತ್ರ ಹೇಳಬೇಕು. ಈ ಊರಿನಲ್ಲಿ ನನ್ನ ಕಿವಿಗೆ ಮೊದಲು ತವರಿನಂತೆ ಕೇಳಿಸಿದ್ದು ಕನ್ನಡವಲ್ಲ. ಶಿವಾಜಿನಗರದ ಒಂದು ಗಲ್ಲಿಯಲ್ಲಿ, ಹೊಲಿಗೆ ಅಂಗಡಿಯೊಂದರ ಬಾಗಿಲಲ್ಲಿ ನಿಂತು ಕೆಲಸ ಇದೆಯೇ ಎಂದು ಕೇಳುತ್ತಿದ್ದಾಗ ಒಳಗಿನಿಂದ ಒಬ್ಬಾಕೆ ಯಾರಿಗೋ "ನಕ್ಕೊ, ನಕ್ಕೊ" ಎಂದರು. ನಕ್ಕೊ ಎಂದರೆ ಬೇಡ. ದಖ್ಖನಿ ಮಾತು, ನಮ್ಮ ಶಹಾಪುರದ ಬಜಾರಿನಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಮಾತು. ಬೇಡ ಎನ್ನುವ ಶಬ್ದ ಕೇಳಿ ಕಣ್ಣಲ್ಲಿ ನೀರು ಬಂದದ್ದು ಅದೇ ಮೊದಲು.

ಆಕೆಯೇ ಹಸೀನಾ ಆಪಾ, ಅಂಗಡಿಯ ಒಡತಿ. ಆಪಾ ಎಂದರೆ ಅಕ್ಕ. ಐವತ್ತರ ಆಸುಪಾಸು, ಕನ್ನಡಕ, ಕುತ್ತಿಗೆಗೆ ಸದಾ ಅಳತೆಯ ಟೇಪು. ನನ್ನ ಕೈಗೆ ಒಂದು ಬ್ಲೌಸ್ ಕೊಟ್ಟು ತೋಳು ಕೂರಿಸಲು ಹೇಳಿದರು. ಕೂರಿಸಿದೆ. ತಿರುಗಿಸಿ ನೋಡಿ, "ನಾಳೆಯಿಂದ ಬನ್ನಿ" ಎಂದರು. ಬೆಂಗಳೂರಿನಲ್ಲಿ ನನ್ನ ಮೊದಲ ಗೆಲುವು ಅದು. ದಾರಿಯಲ್ಲಿ ಭಾಗ್ಯಳಿಗೆ ಎರಡು ಸಮೋಸ ಕೊಡಿಸಿದೆ.

ಆದರೆ ಅಲ್ಲಿಯೂ ಒಂದು ವಾರದೊಳಗೆ ನನಗೆ ಅನುಮಾನ ಹತ್ತಿತು. ಬೆಳಿಗ್ಗೆ ಆಪಾ ಒಬ್ಬೊಬ್ಬರಿಗೆ ಇಪ್ಪತ್ತು ಗುಂಡುಪಿನ್ನುಗಳನ್ನು ಎಣಿಸಿ ಕೊಡುತ್ತಿದ್ದರು. ಮುತ್ತಿನಂಥ ತಲೆಯ, ಬಟ್ಟೆ ಹಿಡಿದಿಡುವ ಪಿನ್ನುಗಳು. ಸಂಜೆ "ಪಿನ್ನಾಂ ದೇವ್" ಎಂದು ವಾಪಸು ಕೇಳಿ, ಮತ್ತೆ ಎಣಿಸಿ ಡಬ್ಬಿಗೆ ಹಾಕುತ್ತಿದ್ದರು. ದಖ್ಖನಿಯಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಹೀಗೆ 'ಆಂ' ಸೇರಿಸುತ್ತಾರೆ. ಒಂದು ಕಡಿಮೆ ಬಿದ್ದರೆ ದೊಡ್ಡ ಅಯಸ್ಕಾಂತ ಹಿಡಿದು ನೆಲವನ್ನೆಲ್ಲ ತಡಕಾಡುತ್ತಿದ್ದರು. ನನ್ನನ್ನು ಪಿನ್ನು ಕದಿಯುವವಳೆಂದು ತಿಳಿದಿದ್ದಾರೆ ಎಂದು ಮನಸ್ಸಿಗೆ ನಾಟಿತು. ಊರಿನಲ್ಲಿ ನಾವು ಪಿನ್ನು ಎಣಿಸುವುದಿಲ್ಲ. ಯಾರ ಸೆರಗಿನದು ಯಾರ ಸೆರಗಿಗೆ ಹೋಯಿತೋ ಯಾರೂ ಕೇಳುವುದಿಲ್ಲ. ನಾನು ಮಾತು ಕಡಿಮೆ ಮಾಡಿದೆ. ಆಪಾ ಇನ್ನೊಂದು ಮಾತನ್ನೂ ಹೇಳುತ್ತಿದ್ದರು: "ಶರಣಮ್ಮ, ಪಿನ್ನು ಬಾಯಲ್ಲಿ ಇಡಬೇಡಿ. ಎಷ್ಟ್ ಸಲ ಹೇಳೋದು?" ನನಗೆ ಹದಿನೈದು ವರ್ಷದ ರೂಢಿ. ನಾಲ್ಕೈದು ಪಿನ್ನು ತುಟಿಯಲ್ಲಿ ಕಚ್ಚಿಕೊಂಡರೇ ಕೈ ಓಡುವುದು. ಆಕೆ ಅತ್ತ ತಿರುಗಿದ ಮೇಲೆ ಮತ್ತೆ ಇಟ್ಟುಕೊಳ್ಳುತ್ತಿದ್ದೆ. ಪಿನ್ನು ಎಂಜಲಾದರೆ ಆಕೆಗೆ ಅಸಹ್ಯ ಎಂದುಕೊಂಡಿದ್ದೆ.

ಶನಿವಾರ ಭಾಗ್ಯಳಿಗೆ ಅರ್ಧ ದಿನ ಶಾಲೆ. ಮನೆಯಲ್ಲಿ ಒಬ್ಬಳನ್ನೇ ಬಿಡಲು ಧೈರ್ಯವಿಲ್ಲದೆ ಅಂಗಡಿಗೆ ಕರೆದೊಯ್ಯುತ್ತಿದ್ದೆ. ಅಂಥ ಒಂದು ಶನಿವಾರ ಮಧ್ಯಾಹ್ನ ಆಪಾ ನನ್ನನ್ನು ಇಂದಿರಾನಗರಕ್ಕೆ ಕಳುಹಿಸಿದರು. ಅಲ್ಲಿ ಒಬ್ಬ ಗಿರಾಕಿಯ ಮನೆಗೆ ನಾಲ್ಕು ಬ್ಲೌಸ್ ಮುಟ್ಟಿಸಿ, ತೊಡಿಸಿ ಅಳತೆ ನೋಡಿ ಬರಬೇಕಿತ್ತು. ಅದಕ್ಕೆಂದು ಬೇರೆ ಪಿನ್ನು ಎಣಿಸಿ ಕೊಟ್ಟರು, ಬೆಳಗಿನ ಇಪ್ಪತ್ತು ನನ್ನ ಜಾಗದಲ್ಲೇ ಉಳಿದವು. ಭಾಗ್ಯ ಅಂಗಡಿಯಲ್ಲೇ ತುಂಡುಬಟ್ಟೆಯಿಂದ ಗೊಂಬೆಗೆ ಲಂಗ ಮಾಡುತ್ತಾ ಕುಳಿತಿದ್ದಳು.

ಆ ಮನೆಯ ಗೇಟಿನಲ್ಲಿ ಕಾವಲುಗಾರ ತಡೆದ. "ಪಿನ್ ಬಂದಿರುತ್ತಲ್ಲಾ ಫೋನಿಗೆ, ಹೇಳಿ. ಇಲ್ದಿದ್ರೆ ಒಳಗೆ ಬಿಡಲ್ಲ." ಮನೆಯವರು ಕಳುಹಿಸಬೇಕಾದ ಅಂಕಿಯಂತೆ. ಬಂದಿರಲಿಲ್ಲ. ಗಿರಾಕಿ ಫೋನ್ ಎತ್ತುತ್ತಿರಲಿಲ್ಲ. ಅವನು ನನ್ನ ಚೀಲವನ್ನು ನೋಡಿದ, ಚಪ್ಪಲಿಯನ್ನು ನೋಡಿದ. ಬಿಸಿಲಿನಲ್ಲಿ ನಿಲ್ಲಿಸಿಯೇ ಇದ್ದ. ಆಗ ನನ್ನ ಫೋನ್ ರಿಂಗಾಯಿತು. ಗೊತ್ತಿಲ್ಲದ ನಂಬರು, ಗೊತ್ತಿಲ್ಲದ ಹೆಂಗಸು.

"ಶರಣಮ್ಮಾನಾ? ಆಸ್ಪತ್ರೆಯಿಂದ ಮಾತಾಡ್ತಿರೋದು. ನಿಮ್ಮ ಮಗಳು ಇಲ್ಲಿದ್ದಾಳೆ, ಪಿನ್..."

ಕಟ್ ಮಾಡಿದೆ. ಎರಡು ವಾರದ ಹಿಂದಷ್ಟೇ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಟೀಚರ್ ಎಚ್ಚರಿಕೆ ಹಾಕಿದ್ದರು: ನಿಮ್ಮ ಮಗು ಆಸ್ಪತ್ರೆಯಲ್ಲಿದೆ ಎಂದು ಹೆದರಿಸಿ ಹಣ ಕೀಳುವ ಕರೆಗಳು ಬರುತ್ತಿವೆ, ನಂಬಬೇಡಿ. ಎಲ್ಲರಿಗೂ ಮೇಲೆಯೇ ಕಾಣಲೆಂದು ಅದನ್ನು ಗುಂಪಿನ ನೆತ್ತಿಯಲ್ಲಿ ನಿಲ್ಲಿಸಿದ್ದರು. ಹಾಗೆ ನಿಲ್ಲಿಸುವುದಕ್ಕೂ ಪಿನ್ ಮಾಡುವುದು ಎಂದೇ ಹೆಸರು.

ಮತ್ತೆ ಅದೇ ನಂಬರು. "ಕಟ್ ಮಾಡ್ಬೇಡಿ ಮೇಡಂ, ಪಿನ್ ವಿಷ್ಯ ಅರ್ಜೆಂಟು, ನೀವು ಬೇಗ..."

"ನಾಚಿಕಿ ಆಗಂಗಿಲ್ಲೇನ್ ನಿಮಗ? ಮಕ್ಕಳ ಹೆಸರ ಹೇಳಿ ಪಿನ್ ಕೇಳ್ತೀರಿ? ಪೊಲೀಸರಿಗಿ ಹಿಡಿದು ಕೊಡ್ತೀನಿ!" ಎಂದು ಕೂಗಿ, ಆ ನಂಬರಿನಿಂದ ಮತ್ತೆ ಕರೆ ಬರದಂತೆ ತಡೆ ಹಾಕಿದೆ. ಅಕ್ಕಿ ಆರಿಸುತ್ತಾ ಮೋಸಹೋದ ಆ ಹೆಂಗಸು ನಾನಲ್ಲ ಎನಿಸಿತು. ಕಾವಲುಗಾರನ ಮುಖವೂ ಸಡಿಲವಾಯಿತು. "ಸರಿಯಾಗಿ ಹೇಳಿದ್ರಿ. ಇವರಿಗೆಲ್ಲ ಹಿಂಗೇ ಹೇಳ್ಬೇಕು" ಎಂದು, ಪಿನ್ ಇಲ್ಲದೆಯೇ ನನ್ನನ್ನು ಒಳಗೆ ಬಿಟ್ಟ.

ಗಿರಾಕಿಗೆ ಬ್ಲೌಸ್ ತೊಡಿಸಿ, ಎರಡರ ತೋಳು ಬಿಗಿಯಾಗಿದ್ದಲ್ಲಿ ಗುರುತು ಹಾಕಿಕೊಂಡೆ. ನಡುವೆ ಬೇರೆ ನಂಬರಿನಿಂದ ಎರಡು ಸಲ ಕರೆ ಬಂತು. ಎತ್ತಲಿಲ್ಲ. ಪಿನ್ನುಗಳು ತುಟಿಯಲ್ಲಿದ್ದವು.

ಹೊರಗೆ ಬಂದು ಬಸ್ಸಿಗೆ ಕಾಯುತ್ತಿದ್ದಾಗ ಮತ್ತೆ ರಿಂಗಾಯಿತು. ಇನ್ನೊಮ್ಮೆ ಬೈದೇಬಿಡೋಣವೆಂದು ಎತ್ತಿದೆ.

"ಕಟ್ ನಕ್ಕೊ ಕರೋ ಜೀ! ನಕ್ಕೊ! ನಾನು ಹಸೀನಾ!"

ಆ ಧ್ವನಿಯನ್ನು ಯಾರೂ ನಟಿಸಲಾರರು. ಭಾಗ್ಯ ಪಿನ್ನು ನುಂಗಿದ್ದಳು. ಮಗುವನ್ನು ಎತ್ತಿಕೊಂಡು ಓಡುವ ಅವಸರದಲ್ಲಿ ಆಪಾ ತಮ್ಮ ಫೋನನ್ನು ಅಂಗಡಿಯಲ್ಲೇ ಬಿಟ್ಟಿದ್ದರು. ನನ್ನ ನಂಬರನ್ನು ಹೇಳಿದ್ದು ಭಾಗ್ಯ. ಊರು ಬಿಡುವಾಗ, ಎಲ್ಲಾದರೂ ತಪ್ಪಿಸಿಕೊಂಡರೆ ಎಂದು ನಾನೇ ಬಾಯಿಪಾಠ ಮಾಡಿಸಿದ್ದೆ. ಅವಳು ಜೊಲ್ಲು ಒರೆಸಿಕೊಳ್ಳುತ್ತಾ ಹತ್ತು ಅಂಕಿಯನ್ನೂ ತಪ್ಪಿಲ್ಲದೆ ಹೇಳಿದಳಂತೆ.

ಅಲ್ಲಿಂದ ಆಸ್ಪತ್ರೆಗೆ ಹೇಗೆ ಹೋದೆನೋ ನೆನಪಿಲ್ಲ. ಒಳಗೆ ಕಂಡದ್ದು ಮಾತ್ರ ಮರೆಯುವುದಿಲ್ಲ. ಬುರ್ಖಾದಲ್ಲಿ ಹಸೀನಾ ಆಪಾ ಬೆಂಚಿನ ಮೇಲೆ ಕುಳಿತಿದ್ದರು. ಅವರ ತೊಡೆಗೆ ಒರಗಿ ಹಣೆಯಲ್ಲಿ ವಿಭೂತಿ ಹಚ್ಚಿದ ನನ್ನ ಮಗಳು, ಗಲ್ಲದ ಕೆಳಗೆ ಟವೆಲ್ಲು. ಎದುರಿಗೆ ಒಬ್ಬ ಪೇದೆ ನಿಂತಿದ್ದ. ಬೆಂಚಿನ ಎರಡೂ ತುದಿಯ ಜಾಗ ಖಾಲಿಯಿತ್ತು, ಆದರೂ ಸುತ್ತಲಿನ ಜನ ನಿಂತೇ ನೋಡುತ್ತಿದ್ದರು.

"ನೀವಾ ತಾಯಿ?" ಪೇದೆ ಕೇಳಿದ. "ಇವರು ನಿಮಗೆ ಏನಾಗ್ಬೇಕು? ನಿಮ್ಮ ಮಗು ಇವರ ಹತ್ರ ಹೆಂಗೆ ಬಂತು? ಫೋನ್ ಮಾಡಿದ್ರೆ ತಾಯಿ ಬೈದು ಇಡ್ತಾರೆ ಅಂದ್ರು. ನಮಗೆ ಡೌಟ್ ಬರಲ್ವಾ?"

ನಾನು ಪೊಲೀಸರಿಗೆ ಹಿಡಿದುಕೊಡುತ್ತೇನೆ ಎಂದು ಕೂಗಿದ್ದನ್ನು ಫೋನ್ ಮಾಡಿದ್ದ ನರ್ಸು ಕೇಳಿಸಿಕೊಂಡಿದ್ದಳು. ಮಗುವಿನ ಹೆಸರು ಒಂದು ತರಹ, ಕರೆತಂದವಳ ಹೆಸರು ಇನ್ನೊಂದು ತರಹ. ತಾಯಿ ಎನಿಸಿಕೊಂಡವಳು ಪೊಲೀಸ್ ಎನ್ನುತ್ತಿದ್ದಾಳೆ. ಅವರು ನಿಜವಾಗಿಯೂ ಪೊಲೀಸರನ್ನು ಕರೆದಿದ್ದರು.

"ನಮ್ಮ ಅಂಗಡೀ ಒಡತಿ ರೀ. ನಾನೇ ಬಿಟ್ಟು ಹೋಗಿದ್ದೆ" ಎಂದೆ. ಪೇದೆ ಭಾಗ್ಯಳನ್ನು, ಆಮೇಲೆ ನನ್ನ ಆಧಾರ್ ಕಾರ್ಡನ್ನು ನೋಡಿ ಪಕ್ಕಕ್ಕೆ ಸರಿದ.

ವೈದ್ಯರು ಎಕ್ಸ್‌ರೇ ತೋರಿಸಿದರು. ಅನ್ನನಾಳದಲ್ಲಿ ಅಡ್ಡಡ್ಡ ಒಂದು ಬಿಳಿಯ ಗೆರೆ, ಅದರ ತುದಿಗೊಂದು ಚುಕ್ಕೆ. "ಸೇಫ್ಟಿ ಪಿನ್ ಬಾಯಿ ತೆರೆದಿದ್ರೆ ಒಂದು ರೀತಿ, ಗುಂಡುಪಿನ್ ಆದ್ರೆ ಒಂದು ರೀತಿ. ಎಷ್ಟು ನುಂಗಿದ್ದಾಳೆ, ಯಾವುದು ಅಂತ ಈ ಆಂಟಿ ಸರಿಯಾಗಿ ಹೇಳಿದ್ರು. ಇಪ್ಪತ್ತರಲ್ಲಿ ಒಂದೇ ಕಡಿಮೆ ಅಂತ ಎಣಿಸಿಕೊಂಡೇ ಬಂದಿದ್ರು. ಮಂಪರು ಕೊಟ್ಟು ತೆಗೀಬೇಕು, ನಿಮ್ಮ ಸಹಿ ಬೇಕು. ಇನ್ನು ಸ್ವಲ್ಪ ನೋಡಿ ನಾವೇ ಶುರು ಮಾಡೋರಿದ್ವಿ."

ಸಹಿ ಮಾಡಿದೆ. ಭಾಗ್ಯಳನ್ನು ಒಳಗೆ ಕರೆದೊಯ್ದರು. ಬಾಗಿಲು ಹಾಕಿದ ಮೇಲೆ ನಾನು ಆಪಾ ಪಕ್ಕದಲ್ಲಿ ಕುಳಿತೆ. ಆಗ ನನ್ನ ಬಾಯಿಂದ ಬಂದದ್ದು ಕ್ಷಮೆಯ ಮಾತಲ್ಲ. ಬರೆಯಲು ನಾಚಿಕೆಯಾದರೂ ಬರೆಯುತ್ತೇನೆ.

"ಆಕಿ ಕೈಗಿ ಪಿನ್ ಯಾಕ್ ಕೊಟ್ರಿ ಆಪಾ?"

ಆಪಾ ಹೇಳಿದರು: "ನಾನು ಕೊಟ್ಟಿಲ್ಲ. ನಿಮ್ಮ ಜಾಗದಲ್ಲಿ ಕೂತಿದ್ಲು. ಗೊಂಬೆ ಬಟ್ಟೆಗೆ ಅಂತ ತಗೊಂಡು ತುಟೀಲಿ ಇಟ್ಕೊಂಡ್ಲು. ತೆಗಿ ಅಂದೆ. ಅಮ್ಮ ಹಿಂಗೇ ಇಟ್ಕೊಳ್ತಾಳೆ ಅನ್ನಕ್ಕೆ ಬಾಯಿ ಬಿಟ್ಟಳು, ಒಳಗೆ ಹೋಯ್ತು."

ಪೇದೆ ಹೊರಬಾಗಿಲಿನ ಹತ್ತಿರ ಇನ್ನೂ ನಿಂತಿದ್ದ.

ಪಿನ್ನು ಬಂತು. ಗೀರು ಬಿಟ್ಟರೆ ಬೇರೆ ಗಾಯವಿಲ್ಲ, ಎರಡು ದಿನ ತೆಳ್ಳನೆಯದನ್ನು ಮಾತ್ರ ಕೊಡಿ ಎಂದರು. ಮಲ್ಲಪ್ಪ ಕೆಲಸದ ಬಟ್ಟೆಯಲ್ಲೇ ಓಡಿಬಂದರು. ನಾನು ನಡೆದದ್ದನ್ನೆಲ್ಲ ಹೇಳಿದೆ, ಕಟ್ ಮಾಡಿದ್ದನ್ನೂ ಹೇಳಿದೆ. ಈ ಸಲವೂ ಅವರು ಬೈಯಲಿಲ್ಲ. ಬೈಯಬೇಕಿತ್ತು. ಸ್ಟೆಲ್ಲಾ ಆಂಟಿ ಎರಡೂ ದಿನ ಅನ್ನದ ಗಂಜಿ ಮಾಡಿ, ಸೋಸಿ, ಮೇಲೆ ತಂದುಕೊಟ್ಟರು. ಹೋಗುವಾಗ ಒಮ್ಮೆ ಮೆಲ್ಲಗೆ, "ರೊಟ್ಟಿ ಸದ್ದೇ ಇಲ್ಲ, ಏನೋ ಆಗಿದೆ ಅಂದ್ಕೊಂಡೆ" ಎಂದರು.

ಸೋಮವಾರ ಅಂಗಡಿಗೆ ಹೋದೆ. ಆಪಾ ಎಂದಿನಂತೆ ಇಪ್ಪತ್ತು ಎಣಿಸಿ ಕೊಟ್ಟರು. ನಾನು ತೆಗೆದುಕೊಳ್ಳದೆ ನಿಂತೆ.

"ನನ್ನಿಂದ ನೀವು ಪೊಲೀಸರ ಮುಂದ ಕೂಡಬೇಕಾಯ್ತು ಆಪಾ. ತಪ್ಪಾತು."

"ನಿಮ್ಮಿಂದ ಅಲ್ಲ" ಎಂದರು ಆಕೆ. ಟೇಪನ್ನು ಬೆರಳಿಗೆ ಸುತ್ತುತ್ತಿದ್ದರು. "ನಾನು ಮಗು ಎತ್ಕೊಂಡು ಒಳಗೆ ಕಾಲಿಟ್ಟಾಗಲೇ ನೋಡಕ್ಕೆ ಶುರು ಮಾಡಿದ್ರು. ನೀವು ಫೋನಲ್ಲಿ ಒಂದ್ಸಲ 'ಹೌದು, ಅವರು ನಮ್ಮೋರು' ಅಂದಿದ್ರೆ ಸಾಕಿತ್ತು, ಅಷ್ಟೇ." ಸುತ್ತಿದ ಟೇಪನ್ನು ಬಿಚ್ಚುತ್ತಾ, "ನನ್ನ ಅಣ್ಣನ ಮಗು ಇದೇ ತರ ಪಿನ್ನು ನುಂಗಿತ್ತು. ಅದು ಉಳೀಲಿಲ್ಲ. ಅದಕ್ಕೇ ಎಣಿಸೋದು ಶರಣಮ್ಮ. ನೀವು ಕದೀತೀರ ಅಂತ ಅಲ್ಲ" ಎಂದರು.

ನಾನು ಏನೆಂದುಕೊಂಡಿದ್ದೇನೆ ಎನ್ನುವುದು ಆಕೆಗೆ ಮೊದಲಿನಿಂದಲೂ ಗೊತ್ತಿತ್ತು.

ಅಂದಿನಿಂದ ನಾನು ಪಿನ್ನು ಬಾಯಲ್ಲಿಡುವುದಿಲ್ಲ. ಕೈ ನಿಧಾನವಾಗಿದೆ. ಆದರೆ ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಶನಿವಾರ ಭಾಗ್ಯಳನ್ನು ಕರೆತಂದಾಗ ಆಪಾ ನನ್ನ ಆಧಾರ್ ಕಾರ್ಡಿನದೊಂದು, ನಾನು, ಭಾಗ್ಯ, ತಾವು ಮೂವರೂ ಇರುವುದೊಂದು ಚಿತ್ರ ತೆಗೆದು ತಮ್ಮ ಫೋನಿನಲ್ಲಿ ಇಟ್ಟುಕೊಂಡರು. "ಮುಂದೆ ಯಾರಾದ್ರೂ ಕೇಳಿದ್ರೆ ತೋರ್ಸಕ್ಕೆ" ಎಂದರು. ಪ್ರೀತಿಯಿಂದಲೇ ಹೇಳಿದರು. ನನ್ನ ಮಗಳನ್ನು ಒಂದು ಗಳಿಗೆ ಹತ್ತಿರ ಕೂರಿಸಿಕೊಳ್ಳಲು ಆಕೆಗೆ ಪುರಾವೆ ಬೇಕಾಗಿದೆ.

ಈ ವರ್ಷ ಶಾಲೆಯಲ್ಲಿ ಹೊಸ ಅರ್ಜಿ ತುಂಬಬೇಕಿತ್ತು. ಖಾಯಂ ವಿಳಾಸ ಮತ್ತು ಪಿನ್ ಕೋಡ್, ಈಗಿನ ವಿಳಾಸ ಮತ್ತು ಪಿನ್ ಕೋಡ್. ಶಹಾಪುರದ್ದನ್ನು ನೋಡದೆ ಬರೆದೆ, ಲಿಂಗರಾಜಪುರದ್ದನ್ನು ಕರೆಂಟ್ ಬಿಲ್ ನೋಡಿ ಬರೆದೆ. ಅದರ ಕೆಳಗೆ ಒಂದು ಸಾಲು: ತಂದೆತಾಯಿ ಸಿಗದಿದ್ದರೆ ಯಾರನ್ನು ಕರೆಯಬೇಕು? ಹಸೀನಾ ಆಪಾ ಹೆಸರು, ನಂಬರು ಬರೆದೆ. ಪಕ್ಕದಲ್ಲಿ ಸಂಬಂಧ ಎಂಬ ಖಾನೆ ಇತ್ತು. ಅದನ್ನು ಬಿಟ್ಟಿದ್ದೆ.

ಗುಮಾಸ್ತ ಹೆಸರು ಓದಿ ನನ್ನ ಮುಖ ನೋಡಿದ. "ಇವರು ನಿಮಗೆ ಏನಾಗ್ಬೇಕು? ಖಾಲಿ ಬಿಡೋ ಹಾಗಿಲ್ಲ ಮೇಡಂ."

ಪೆನ್ನು ತೆಗೆದುಕೊಂಡು 'ಆಪಾ' ಎಂದು ಬರೆದೆ.

"ಇದು ಹೆಸರಾ, ಸಂಬಂಧಾನಾ?"

"ಸಂಬಂಧ ರೀ. ನಮ್ಮೂರ ಕಡೆ ಹಿಂಗೇ ಅಂತೀವಿ."

ಅವನು ನಂಬಿದನೋ ಇಲ್ಲವೋ, ಮುದ್ರೆ ಒತ್ತಿದ. ಆ ಸಂಜೆ ಶಹಾಪುರಕ್ಕೆ ಫೋನ್ ಮಾಡಿದಾಗ ಅಣ್ಣನಿಗೆ ಇದನ್ನು ಹೇಳಿದೆ. "ನಾವು ಯಾರೂ ಇದ್ದಿಲ್ಲೇನು? ಯಾರ್ ಯಾರದೋ ಹೆಸರ ಯಾಕ ಕೊಟ್ಟಿ?" ಎಂದ. ನೀವು ಬಂದು ಮುಟ್ಟುವುದಕ್ಕೆ ಒಂದು ರಾತ್ರಿಯ ರೈಲು ಬೇಕು ಎಂದೆ. ಅವನು ಕೇಳಿದ್ದು ಅದನ್ನಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಫೋನಿಟ್ಟ ಮೇಲೆ ಟ್ಯಾಂಕಿನ ಪಕ್ಕ ಕುಳಿತೆ. ನಮ್ಮೂರ ಕಡೆ ಹೀಗೇ ಎನ್ನುತ್ತೇವೆ ಎಂದು ಗುಮಾಸ್ತನಿಗೆ ಅಷ್ಟು ಧೈರ್ಯದಿಂದ ಹೇಳಿ ಬಂದಿದ್ದೆ. ಈಗಲೂ ಅಲ್ಲಿ ನಮ್ಮವರು ಆಪಾ ಎನ್ನುತ್ತಾರೋ, ಅಥವಾ ನಾನು ಬಿಟ್ಟುಬಂದಾಗಿನ ಊರಿನ ಮಾತನ್ನಷ್ಟೇ ಹೇಳಿದೆನೋ, ತಿಳಿಯಲಿಲ್ಲ. ಇಲ್ಲಿ ಕುಳಿತವಳಿಗೆ ಅದು ತಿಳಿಯುವುದೂ ಇಲ್ಲ. ಅಲ್ಲಿರುವ ನೀವು ಹೇಳಬೇಕು.